ಗಾಜಿನ ಮಣಿಗೆ ಹೊಳಪು ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ, ಮನೆ ಹಿಂದಿನ ಶೆಡ್ಡಿನಲ್ಲಿ ಗ್ಯಾಸ್ ಉರಿಯ ಟಾರ್ಚ್ ಇಟ್ಟುಕೊಂಡು, ಗಾಜಿನ ಕೋಲನ್ನು ಕರಗಿಸಿ ಸ್ಟೀಲ್ ಕಡ್ಡಿಗೆ ಸುತ್ತಿ ನಾನು ಗಾಜಿನ ಮಣಿ ಮಾಡುತ್ತೇನೆ. ಬನಶಂಕರಿ ಜಾತ್ರೆಯಲ್ಲಿ ಮಣಿ ಕೊಳ್ಳಲು ನಿಂತವರು, ಕಲಿಯಲು ಬಂದವರು, ಫೋನಿನಲ್ಲಿ ಫೋಟೋ ಕಳಿಸಿ "ಇದು ಯಾಕ ಹಿಂಗಾತು" ಅಂತ ಬರೆದವರು ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಹೊಸಬರಿಗೆ ಬೇಕಾದ್ದು ಮೊದಲು, ಕೈ ಕುದುರಿದವರಿಗೆ ಬೇಕಾದ್ದು ಆಮೇಲೆ.

## ಮೊದಲ ಮಾತು

ಅಕ್ಕಾರ, ಗಾಜು ಅಂದ್ರ ಹೊಳಿಯೂದ ಅಲ್ಲೇನ್ರಿ? ಮತ್ತ ಕೈಲೆ ಮಾಡಿದ ಮಣಿ ಯಾಕ ಮಂಕ ಬರ್ತಾವ?

ಗಾಜಿನ ಮೈ ನುಣುಪಾಗಿದ್ದರೆ ಅದರ ಮೇಲೆ ಬಿದ್ದ ಬೆಳಕು ಕನ್ನಡಿಗೆ ಬಿದ್ದಂತೆ ಒಂದೇ ಕಡೆಗೆ ತಿರುಗಿ ಬರುತ್ತದೆ. ಮೈ ತರಿತರಿ ಇದ್ದರೆ ನಾಲ್ಕೂ ದಿಕ್ಕಿಗೆ ಚೆದುರಿಹೋಗುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಮಾತ್ರ ಗಾಜಿನ ಮೈಯಿಂದ ಹಿಂದಕ್ಕೆ ಬರುವುದು. ನಾವು ಹೊಳಪು ಅನ್ನುವುದು ಆ ನಾಲ್ಕು ಪಾಲನ್ನೇ. ಅದೂ ಚೆದುರಿದರೆ ಮಣಿ ಮಂಕು.

ಎಷ್ಟು ಸಣ್ಣ ತರಿ ಸಾಕು ಗೊತ್ತಾ? ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಬೆರಳಿಗೆ ಹತ್ತುವುದೇ ಇಲ್ಲ, ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಮಸಿ, ಸಣ್ಣ ಗುಳ್ಳೆ, ಗಾಜು ಹರಳುಗಟ್ಟುವುದು, ಭಟ್ಟಿಯ ಹಾಸಿನ ಅಚ್ಚು, ನೀರಿನ ಸುಣ್ಣ, ಹೀಗೆ ತರಿ ಬರುವ ದಾರಿ ಹಲವು. ಯಾವುದರಿಂದ ಬಂತು ಅಂತ ತಿಳಿಯದೆ ಮದ್ದು ಮಾಡಲು ಆಗುವುದಿಲ್ಲ. ಕೆಳಗೆ ಒಂದೊಂದಾಗಿ ಹೇಳಿದ್ದೇನೆ.

ಹೊಳಪು ಬರಾಕ ಮ್ಯಾಲೆ ಏನ್ ಹಚ್ಚತೀರಿ? ವಾರ್ನಿಶ್ ನಡಿತೈತೇನು?

ಏನೂ ಹಚ್ಚುವುದಿಲ್ಲ. ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಗಾಜಿನ ಹೊಳಪು ಗಾಜಿನದೇ. ಉರಿಯಲ್ಲಿ ಅದು ಬಂದಿಲ್ಲ ಅಂದರೆ ಎಲ್ಲೋ ಒಂದು ತಪ್ಪಾಗಿದೆ. ವಾರ್ನಿಶ್, ಉಗುರು ಬಣ್ಣ, ರೆಸಿನ್ ಹಚ್ಚಿದರೆ ಮೊದಲ ವಾರ ಹೊಳೆಯುತ್ತದೆ ನಿಜ. ಆಮೇಲೆ ಬೆವರು, ಸೆಂಟು, ಬಿಸಿಲು ತಾಗಿ ಹಳದಿ ಆಗುತ್ತದೆ, ತೂತಿನ ಅಂಚಿನಿಂದ ಸಿಪ್ಪೆ ಏಳುತ್ತದೆ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿಲಿನಲ್ಲಿ ಕೊರಳ ಬೆವರಿಗೆ ತಾಗಿಕೊಂಡಿರುವ ಪದರ ಬಾಳುವುದು ಕಷ್ಟ.

ಕೊಬ್ಬರಿ ಎಣ್ಣೆ ಸವರಿ ಮಾರುವವರೂ ಇದ್ದಾರೆ. ಎಣ್ಣೆ ಸಣ್ಣ ತರಿಗಳಲ್ಲಿ ತುಂಬಿಕೊಳ್ಳುವುದರಿಂದ ಆ ಹೊತ್ತಿಗೆ ಮಣಿ ಮಿಂಚುತ್ತದೆ. ಸೋಪು ನೀರಿನಲ್ಲಿ ಒಮ್ಮೆ ಅದ್ದಿದರೆ ಬಣ್ಣ ಬಯಲು. ಕೊಳ್ಳುವವರಿಗೆ ಇದನ್ನು ಮಾಡಬೇಡಿ.

ಮಣಿ ಪೂರ್ತಿ ಹೊಳಪು ಬಂದೈತೋ ಇಲ್ಲೋ ಹೆಂಗ ಗೊತ್ತ ಮಾಡ್ಕೊಳ್ಳೋದು?

ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಮಣಿಯ ಬೆನ್ನ ಮೇಲೆ ಟ್ಯೂಬ್‌ಲೈಟ್ ಒಂದು ಬಿಳಿ ಗೆರೆಯಾಗಿ ಕಾಣುತ್ತದೆ. ಮಣಿಯನ್ನು ನಿಧಾನವಾಗಿ ತಿರುಗಿಸಿ. ಗೆರೆಯ ಅಂಚು ಕತ್ತರಿಸಿದ ಹಾಗೆ ಚೊಕ್ಕ ಇದ್ದರೆ ಹೊಳಪು ಪೂರ್ತಿ. ಗೆರೆ ನಡುನಡುವೆ ಸೊಟ್ಟಗಾದರೆ ಮೈಯಲ್ಲಿ ಅಲೆ ಇದೆ. ಅಂಚು ಹತ್ತಿಯ ಹಾಗೆ ಉದುರಿದಂತೆ ಕಂಡರೆ ಮೈ ತರಿಯಾಗಿದೆ. ಅಲೆ ಮತ್ತು ತರಿ ಎರಡೂ ಬೇರೆ ಬೇರೆ ತೊಂದರೆ, ಮದ್ದೂ ಬೇರೆ. ಬಂದ ಪ್ರತಿಯೊಬ್ಬರಿಗೂ ನಾನು ಮೊದಲು ಕಲಿಸುವುದು ಇದನ್ನೇ.

ಶುರು ಮಾಡಲು ಏನೇನು ಬೇಕು? ಖರ್ಚು ಜಾಸ್ತಿನಾ?

ಟಾರ್ಚ್, ಗಾಜಿನ ಕೋಲು, ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ, ಕಡ್ಡಿಗೆ ಮಣಿ ಅಂಟದಂತೆ ಹಚ್ಚುವ ಮಣ್ಣಿನ ಲೇಪ, ಉರುಳಿಸಲು ಒಂದು ಗ್ರಾಫೈಟ್ ಹಲಗೆ, ಡಿಡಿಮಿಯಂ ಕನ್ನಡಕ. ಕಡ್ಡಿಗೆ ಪೇಟೆಯೆಲ್ಲ ಹುಡುಕಬೇಡಿ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಟಿಗ್ ವೆಲ್ಡಿಂಗಿನ ಸ್ಟೇನ್‌ಲೆಸ್ ಕಡ್ಡಿ ಸಿಗುತ್ತದೆ, 1.6 ಮತ್ತು 2.4 ಮಿ.ಮೀ. ದಪ್ಪದ್ದು. ಬೆಳಗಾವಿಗೆ ಹೋಗುವವರಿದ್ದರೆ ಉದ್ಯಮಬಾಗದ ಕಡೆ ಇಂಥ ಸಾಮಾನು ಹುಡುಕುವುದು ಸುಲಭ, ಅಲ್ಲಿ ಫೌಂಡ್ರಿ ಮತ್ತು ಮಷೀನ್ ಕೆಲಸ ಮೊದಲಿನಿಂದಲೂ ಇದೆ.

ಕನ್ನಡಕವನ್ನು ಮಾತ್ರ ಬಿಡಬೇಡಿ. ಗಾಜು ಕಾದಾಗ ಅದರ ಸೋಡಿಯಂ ಹಳದಿ ಜ್ವಾಲೆಯಾಗಿ ಏಳುತ್ತದೆ. ಆ ಹಳದಿಯ ಹಿಂದೆ ಮಣಿಯ ಮೈ ಕಾಣುವುದೇ ಇಲ್ಲ. ಡಿಡಿಮಿಯಂ ಗಾಜು ಆ ಹಳದಿಯನ್ನು ತಡೆಯುತ್ತದೆ. ಹೊಳಪು ಬಂತೋ ಇಲ್ಲವೋ ನೋಡಲೇ ಆಗದಿದ್ದರೆ ಉರಿಯಿಂದ ಯಾವಾಗ ತೆಗೆಯುತ್ತೀರಿ?

ಬಳಿ ಚೂರು ಮನ್ಯಾಗ ಡಬ್ಬಿಗಟ್ಟಲೆ ಅದಾವ. ಅದರಿಂದ ಮಣಿ ಆಗ್ತಾವೇನು? ಬಾಟಲಿಯಿಂದ?

ಆಗುತ್ತವೆ. ಆದರೆ ಒಂದು ಮಣಿಗೆ ಒಂದೇ ಬಳೆಯ ಚೂರು ಬಳಸಿ. ಪ್ರತಿ ಗಾಜಿಗೂ ಕಾದಾಗ ಹಿಗ್ಗುವ ಮತ್ತು ಆರಿದಾಗ ಕುಗ್ಗುವ ತನ್ನದೇ ಅಳತೆ ಇದೆ. ಎರಡು ಬಗೆಯ ಗಾಜು ಒಂದೇ ಮಣಿಯಲ್ಲಿ ಸೇರಿದರೆ ಆರುವಾಗ ಒಂದನ್ನೊಂದು ಎಳೆದಾಡಿ ಬಿರುಕು ಬಿಡುತ್ತವೆ. ಕೆಲವೊಮ್ಮೆ ಹದಿನೈದು ದಿನ ಆದ ಮೇಲೆ! ಮೊದಲ ವರ್ಷ ನಾನು ಒಂದು ಅಂಗಡಿಯಲ್ಲಿ "ಎಲ್ಲಾ ಒಂದೇ ಮಾಲು" ಅಂದದ್ದನ್ನು ನಂಬಿ ಕೆಂಪು ಮತ್ತು ಬಿಳಿ ಕೋಲು ತಂದೆ. ಆ ಮಾಲಿನಲ್ಲಿ ಮಾಡಿದ ಅರವತ್ತು ಮಣಿಗಳಲ್ಲಿ ಉಳಿದದ್ದು ಹನ್ನೊಂದು.

ಕೋಲು ಕೊಳ್ಳುವಾಗ ಸಿ.ಓ.ಇ. ಅಂಕಿ ಕೇಳಿ, ಗಾಜು ಎಷ್ಟು ಹಿಗ್ಗುತ್ತದೆ ಅನ್ನುವ ಅಳತೆ ಅದೇ. ಮುರಾನೋ ಕಡೆಯ ಮೆತ್ತನೆ ಗಾಜು 104. ಲ್ಯಾಬಿನ ಬೀಕರ್ ಮಾಡುವ ಬೋರೋಸಿಲಿಕೇಟ್ 33. ಇವೆರಡು ಎಂದೂ ಕೂಡುವುದಿಲ್ಲ. ಬಾಟಲಿ ಗಾಜಿನಲ್ಲೂ ಮಣಿ ಮಾಡಬಹುದು, ಆದರೆ ಅದು ಬೇಗ ಹರಳುಗಟ್ಟಿ ಮಂಕಾಗುವ ಗಾಜು. ಕಲಿಯುವವರು ಅದರಿಂದ ಶುರು ಮಾಡಿದರೆ ತಪ್ಪು ತಮ್ಮ ಕೈಯದೋ ಗಾಜಿನದೋ ತಿಳಿಯದೆ ಬೇಸರಪಡುತ್ತಾರೆ.

## ಉರಿಯ ಮುಂದೆ

ಫೈರ್ ಪಾಲಿಶ್ ಅಂತೀರಲ್ಲ, ಅದೇನು? ಎಷ್ಟೊತ್ತು ಹಿಡೀಬೇಕು?

ಎಲ್ಲಕ್ಕಿಂತ ಮುಖ್ಯ ಕೆಲಸ ಇದು. ಮಣಿಯ ಆಕಾರ ಮುಗಿದ ಮೇಲೆ ಕೊನೆಗೊಮ್ಮೆ ಅದರ ಮೇಲ್ಮೈಯನ್ನು ಮಾತ್ರ ಕರಗಿಸುವುದೇ ಫೈರ್ ಪಾಲಿಶ್. ಮೈ ಕರಗಿ ನೀರಾಡಿದ ಕೂಡಲೇ ಗಾಜು ತನ್ನನ್ನು ತಾನೇ ಎಳೆದುಕೊಂಡು ನುಣುಪಾಗುತ್ತದೆ. ಕೆಸುವಿನ ಎಲೆಯ ಮೇಲೆ ನೀರಿನ ಹನಿ ದುಂಡಗೆ ನಿಲ್ಲುತ್ತದಲ್ವಾ, ಅದೇ ಎಳೆತ ಇಲ್ಲೂ ಕೆಲಸ ಮಾಡುವುದು. ಗೀರು, ಅಲೆ, ಉಪಕರಣದ ಗುರುತು ಎಲ್ಲ ತಾವಾಗಿ ಮಾಯ.

ನಾನು ಮಾಡುವುದು ಹೀಗೆ. ಆಕಾರ ಮುಗಿದ ಮಣಿಯನ್ನು ಉರಿಯ ತುದಿಯ ಕಡೆ, ಟಾರ್ಚಿನ ಬಾಯಿಯಿಂದ ಗೇಣು ದೂರದಲ್ಲಿ ಹಿಡಿಯುತ್ತೇನೆ. ಕಡ್ಡಿಯನ್ನು ಬೆರಳಲ್ಲಿ ಒಂದೇ ಸಮ ತಿರುಗಿಸುತ್ತೇನೆ, ಬತ್ತಿ ಹೊಸೆದ ಹಾಗೆ. ಮೊದಲು ಮಣಿಯ ಮೈ ಹಾಲಿನ ಕೆನೆಯಂತೆ ಸಣ್ಣಗೆ ಸುಕ್ಕಾಗಿ ಕಾಣುತ್ತದೆ. ಆಮೇಲೆ ಅಂಚಿನಲ್ಲಿ ಕೇಸರಿ ಕೆಂಪು ಏಳುತ್ತದೆ. ಆ ಕೆಂಪು ಮಣಿಯ ಸುತ್ತ ಹರಡಿದಾಗ ಸುಕ್ಕು ಒಂದು ಕಡೆಯಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕೊನೆಯ ಸುಕ್ಕೂ ಹೋಗಿ ಮೈ ಎಣ್ಣೆ ಸವರಿದಂತೆ ಹಸಿಯಾಗಿ ಮಿಂಚಿದ ಕ್ಷಣ ಬರುತ್ತದೆ. ಅಲ್ಲಿಂದ ಇನ್ನೆರಡು ಸುತ್ತು, ಅಷ್ಟೇ. ಹೊರಗೆ ತೆಗೆದ ಮೇಲೂ ಕೆಂಪು ಆರುವ ತನಕ ತಿರುಗಿಸುವುದನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಮಣಿ ಜೋತುಬೀಳುತ್ತದೆ.

ಎಷ್ಟು ಸೆಕೆಂಡು ಅಂತ ಹೇಳಲಾರೆ. ಕಡಲೆಯಷ್ಟು ಮಣಿಗೂ ಬೋರೆಹಣ್ಣಿನಷ್ಟು ಮಣಿಗೂ ವ್ಯತ್ಯಾಸ ಇದೆ. ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಮಾಡಿ. ಜೋರು ಉರಿಯಲ್ಲಿ ಅವಸರ ಮಾಡಿದರೆ ಮೈ ನುಣುಪಾಗುವ ಮೊದಲು ಮಣಿಯ ಆಕಾರವೇ ಹೋಗುತ್ತದೆ.

ನನ್ನ ಬಿಳಿ ಮಣಿ ಎಲ್ಲಾ ಬೂದಿ ಬಣ್ಣಕ್ಕ ತಿರುಗ್ಯಾವ. ಮಸಿ ಅನಸ್ತೈತಿ.

ಮಸಿಯೇ. ಉರಿಗೆ ಗ್ಯಾಸ್ ಜಾಸ್ತಿ, ಆಮ್ಲಜನಕ ಕಡಿಮೆ ಆದಾಗ ಸುಡದೆ ಉಳಿದ ಕರಿ ಗಾಜಿನೊಳಗೆ ಕೂರುತ್ತದೆ. ಬಿಳಿ, ಕೆನೆ ಬಣ್ಣ, ನೀರಿನಂಥ ತಿಳಿ ಗಾಜಿನಲ್ಲಿ ಬೇಗ ಕಾಣುತ್ತದೆ. ಮಣಿಯನ್ನು ಟಾರ್ಚಿನ ಬಾಯಿಗೆ ತೀರಾ ಹತ್ತಿರ ಹಿಡಿದರೂ ಇದೇ ಗತಿ, ಏಕೆಂದರೆ ಅಲ್ಲಿ ಗ್ಯಾಸ್ ಇನ್ನೂ ಪೂರ್ತಿ ಸುಟ್ಟಿರುವುದಿಲ್ಲ. ಎರಡಿಂಚು ಹಿಂದಕ್ಕೆ ತನ್ನಿ. ಆಮ್ಲಜನಕದ ಟಾರ್ಚ್ ಆದರೆ ಒಳಗಿನ ನೀಲಿ ಮೊನೆಗಳು ಗಿಡ್ಡಗೆ, ಚೂಪಾಗಿ, ಚೊಕ್ಕವಾಗಿ ಕಾಣುವ ತನಕ ಆಮ್ಲಜನಕ ಏರಿಸಿ. ಉರಿಯ ತುದಿಯಲ್ಲಿ ಹಳದಿ ಬಾಲ ಇರಬಾರದು.

ಪತ್ತಾರರ ಊದುವ ಟಾರ್ಚಿನಲ್ಲಿ ಮಣಿ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು: ಅದು ಚಿನ್ನದ ಬೆಸುಗೆಗೆ ಮಾಡಿದ್ದು. ಕಪ್ಪು, ಗಾಢ ನೀಲಿಯಂಥ ಬಣ್ಣಕ್ಕೆ ನಡೆಯುತ್ತದೆ, ಬಿಳಿಗೆ ಕಷ್ಟ.

ಅಡಗಿ ಸಿಲಿಂಡರಿಗೇ ಟಾರ್ಚ್ ಹಚ್ಚಬಹುದಾ?

ಬೇಡ. 14.2 ಕೆ.ಜಿ. ಮನೆ ಸಿಲಿಂಡರ್ ಅಡುಗೆಗೆ ಮಾತ್ರ ಕೊಟ್ಟದ್ದು. 19 ಕೆ.ಜಿ. ವಾಣಿಜ್ಯ ಸಿಲಿಂಡರ್ ಪಡೆಯಿರಿ. ಸಿಲಿಂಡರನ್ನು ಶೆಡ್ಡಿನ ಹೊರಗೆ ನಿಲ್ಲಿಸಿ. ಉರಿ ಪೈಪಿನೊಳಗೆ ಹಿಂದಕ್ಕೆ ಓಡದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಅನ್ನು ಪೈಪಿಗೆ ಹಾಕಿಸಿ. ಆಮ್ಲಜನಕದ ರೆಗ್ಯುಲೇಟರಿಗೆ ಎಣ್ಣೆ ಗ್ರೀಸ್ ಸೋಕಿಸಲೇಬಾರದು, ಹೊತ್ತಿಕೊಳ್ಳುತ್ತದೆ. ಕಿಟಕಿ ಮುಚ್ಚಿ ಕೆಲಸ ಮಾಡಬೇಡಿ. ಗಾಳಿಗೆ ಉರಿ ಅಲ್ಲಾಡುತ್ತದೆ ಅಂತ ಬಾಗಿಲು ಹಾಕಿಕೊಂಡು ಕೂತವರನ್ನು ನೋಡಿದ್ದೇನೆ. ಗಾಳಿಗೆ ಅಡ್ಡ ಒಂದು ತಗಡು ನಿಲ್ಲಿಸಿ, ಬಾಗಿಲು ತೆರೆದೇ ಇರಲಿ, ಹೊಗೆ ಎಳೆಯುವ ಫ್ಯಾನ್ ಓಡುತ್ತಿರಲಿ.

ಮಣಿ ಮೈಮ್ಯಾಲೆ ಸೂಜಿ ಚುಚ್ಚಿದಂಗ ಸಣ್ಣ ಸಣ್ಣ ತೂತು ಬೀಳ್ತಾವ.

ಗಾಜು ಕುದ್ದಿದೆ. ಜಾಸ್ತಿ ಬಿಸಿ ಆದಾಗ ಒಳಗಿಂದ ಗುಳ್ಳೆ ಎದ್ದು ಮೇಲೆ ಬಂದು ಒಡೆಯುತ್ತದೆ, ಆ ಗುಳಿಯೇ ತೂತು. ಇಲ್ಲವೇ ಕೋಲಿನ ಮೇಲೆ ಧೂಳು, ಬೆರಳ ಜಿಡ್ಡು ಇತ್ತು. ಕೋಲನ್ನು ಸೋಪಿನಲ್ಲಿ ತೊಳೆದು, ಒರೆಸಿ, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಕೋಲಿನ ತುದಿಯಲ್ಲಿ ಗೀರು ಇದ್ದರೆ ಆ ತುದಿಯನ್ನೇ ಕರಗಿಸಿ ಎಳೆದು ಬಿಸಾಡಿ.

ಗ್ರಾಫೈಟ್ ಹಲಗೆ ಮೇಲೆ ಉರುಳಿಸಿದ ಮೇಲೆ ಅಲೆ ಅಲೆ ಗುರುತು ಉಳಿಯುತ್ತೆ. ಹಲಗೆ ಸರಿ ಇಲ್ವಾ?

ಹಲಗೆ ಸರಿಯೇ ಇರುತ್ತದೆ. ತಣ್ಣಗಿನ ಹಲಗೆ ಸೋಕಿದ ಕಡೆ ಗಾಜು ಥಟ್ಟನೆ ಗಟ್ಟಿಯಾಗುತ್ತದೆ, ಪಕ್ಕದಲ್ಲಿ ಇನ್ನೂ ಮೆತ್ತಗೆ. ಅದೇ ಅಲೆ. ಉರುಳಿಸಿದ ಮೇಲೆ ಫೈರ್ ಪಾಲಿಶ್ ಮಾಡಿದರೆ ಹೋಗುತ್ತದೆ. ಮೂಲೆ ಚೂಪಾಗಿಯೇ ಉಳಿಯಬೇಕಾದ ಚೌಕ ಮಣಿಯಾದರೆ ಹಲಗೆಯನ್ನು ಮೊದಲೇ ಉರಿಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ, ಒತ್ತಿದ ಮೇಲೆ ಒಂದೊಂದೇ ಮುಖಕ್ಕೆ ಸಣ್ಣ ಉರಿ ತೋರಿಸಿ.

## ಹೊಳಪು ಕೈಕೊಟ್ಟಾಗ

ಉರಿಯಲ್ಲಿ ಚೆನ್ನಾಗೇ ಇತ್ತು. ಆರಿದ ಮೇಲೆ ಮೇಲೊಂದು ಬಿಳಿ ಬೂಷ್ಟು ಹಿಡಿದಂತೆ ಪದರ. ಒರೆಸಿದರೂ ಹೋಗಲ್ಲ.

ಗಾಜು ಹರಳುಗಟ್ಟಿದೆ. ಇದಕ್ಕೆ ಡೀವಿಟ್ರಿಫಿಕೇಶನ್ ಅನ್ನುತ್ತಾರೆ, ಕಲಿಯುವವರ ಬಾಯಲ್ಲಿ ಸುಮ್ನೆ "ಡೀವಿಟ್".

ಮುಧೋಳ, ಮಹಾಲಿಂಗಪುರದ ಕಡೆ ಗಾಣದಲ್ಲಿ ಬೆಲ್ಲದ ಪಾಕ ಇಳಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಸಿ ಪಾಕ ಕನ್ನಡಿಯ ಹಾಗಿರುತ್ತದೆ. ಅದೇ ಪಾಕವನ್ನು ನಿಧಾನವಾಗಿ ಆರಲು ಬಿಟ್ಟು ಕೈಯಾಡಿಸುತ್ತಾ ಹೋದರೆ ಸಕ್ಕರೆ ಕಣ ಕಟ್ಟಿ ಮೈ ಮಂಕಾಗುತ್ತದೆ. ಗಾಜೂ ಹಾಗೆಯೇ. ಒಳಗಿನ ಅಣುಗಳಿಗೆ ಸಾಲುಗೂಡಲು ಹೊತ್ತು ಸಿಗದೆ ಗಟ್ಟಿಯಾದ ಪಾಕವೇ ಗಾಜು. 700 ಡಿಗ್ರಿಯಿಂದ ಮೇಲಕ್ಕೆ, ಗಾಜು ಪೂರ್ತಿ ಕರಗುವ ಮೊದಲಿನ ಬಿಸಿಯಲ್ಲಿ ಅದನ್ನು ಬಹಳ ಹೊತ್ತು ಇಟ್ಟರೆ ಮೇಲ್ಮೈಯಲ್ಲಿ ಹರಳು ಏಳಲು ಶುರು. ಧೂಳಿನ ಕಣ, ಜಿಡ್ಡು, ಬೆರಳ ಗುರುತು ಇದ್ದರೆ ಹರಳಿಗೆ ಅಲ್ಲೇ ಬೀಜ ಸಿಕ್ಕಂತೆ.

ಅಂದರೆ ತಪ್ಪು ಇರುವುದು ಅರೆಬಿಸಿಯಲ್ಲಿ ಆಟವಾಡುವುದರಲ್ಲಿ. ಒಂದೇ ಮಣಿಯ ಮೇಲೆ ಅರ್ಧ ತಾಸು ಚುಕ್ಕೆ ಇಡುತ್ತಾ ಕೂತರೆ ಮಣಿ ಆ ಬಿಸಿಯಲ್ಲೇ ಕುದಿಯದೆ, ಆರದೆ ನಿಂತಿರುತ್ತದೆ. ಇನ್ನೂ ಕಡ್ಡಿಯ ಮೇಲಿದ್ದರೆ ಜೋರು ಉರಿಯಲ್ಲಿ ಮೇಲ್ಮೈಯನ್ನು ಪೂರ್ತಿ ಕರಗಿಸಿ, ಹರಳು ಕರಗಿಹೋಗುತ್ತದೆ. ಆಮೇಲೆ ಸುತ್ತಾಡದೆ ನೇರ ಭಟ್ಟಿಗೆ. ಆರಿದ ಮಣಿಯಾದರೆ ತಿಕ್ಕಿ ತೆಗೆಯಬೇಕು, ಅದು ಮುಂದೆ ಬರುತ್ತದೆ.

ಹಸಿರುನೀಲಿ ಮಣಿಯ ಮೇಲೆ ಸೀಸ ಬಳಿದಂತೆ ಬೂದು ಪದರ ಬರುತ್ತದೆ. ಕೆಂಪೂ ಕಪ್ಪಿಡುತ್ತದೆ. ಈ ಎರಡು ಬಣ್ಣ ಮಾತ್ರ ಯಾಕೆ?

ಹಸಿರುನೀಲಿಗೆ ಬಣ್ಣ ಕೊಡುವುದು ತಾಮ್ರ. ಗ್ಯಾಸ್ ಜಾಸ್ತಿ ಇರುವ ಉರಿ ಗಾಜಿನೊಳಗಿನ ತಾಮ್ರದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಆಗ ತಾಮ್ರ ಮೇಲ್ಮೈಯಲ್ಲಿ ಲೋಹದ ಪದರವಾಗಿ ಕೂರುತ್ತದೆ, ಕೆಲವೊಮ್ಮೆ ಇಟ್ಟಿಗೆ ಬಣ್ಣದ ಕಲೆಯಾಗಿ. ಆಮ್ಲಜನಕ ಏರಿಸಿ, ದೂರ ಹಿಡಿದು, ಕೊನೆಯ ಉರಿ ಕೊಡಿ. ಆರಿದ ಮೇಲೂ ತೆಳು ಪದರ ಉಳಿದಿದ್ದರೆ ವಿನೆಗರ್ ಅಥವಾ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ತೆಳುವಾಗಿದ್ದರೆ ಬಹುಪಾಲು ಹೋಗುತ್ತದೆ.

ಕೆಂಪಿನ ಕಥೆ ಬೇರೆ. ಅದು ಬಿಸಿ ಜಾಸ್ತಿಯಾದಷ್ಟೂ ಗಾಢವಾಗುತ್ತಾ ಹೋಗುವ ಗಾಜು. ಇಳಕಲ್ ಸೀರೆಯ ಸೆರಗಿನ ಕೆಂಪಿಗೆ ಹೊಂದುವ ಮಣಿ ಬೇಕು ಅಂತ ಬಹಳ ಜನ ಕೇಳುತ್ತಾರೆ. ಅಂಥ ಮಣಿಯನ್ನು ನಾನು ಬೇಗ ಸುತ್ತಿ, ಬೇಗ ದುಂಡಗೆ ಮಾಡಿ, ಒಂದೇ ಸಲ ಫೈರ್ ಪಾಲಿಶ್ ಮಾಡಿ ಮುಗಿಸುತ್ತೇನೆ. ಎರಡನೇ ಸಲ ಉರಿಗೆ ಹಿಡಿದರೆ ಅದು ಸೆರಗಿನ ಕೆಂಪಲ್ಲ, ಕುದಿಸಿದ ಬೀಟ್‌ರೂಟ್.

ಕರಿಮಣಿ ಮಾಡ್ತೀನ್ರಿ. ಬ್ಯಾರೆ ಬಣ್ಣಕ್ಕಿಂತ ಕರಿದಕ್ಕ ಹೊಳಪು ತರೂದು ಕಷ್ಟ ಅನಸ್ತೈತಿ.

ನಿಮಗೆ ಸರಿಯಾಗೇ ಅನಿಸಿದೆ. ಬೇರೆ ಬಣ್ಣದಲ್ಲಿ ಒಳಗಿನ ಬಣ್ಣದ ಬೆಳಕು ಕಣ್ಣಿಗೆ ಬರುವುದರಿಂದ ಮೈಯ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ಕಪ್ಪು ಗಾಜು ಒಳಗಿನಿಂದ ಏನೂ ಕೊಡುವುದಿಲ್ಲ. ಕಾಣುವುದೆಲ್ಲ ಮೇಲಿನ ಹೊಳಪು ಮಾತ್ರ. ಒಂದು ಕೂದಲೆಳೆ ಅಲೆಯೂ ಎದ್ದು ಕಾಣುತ್ತದೆ.

ನನ್ನ ನಾದಿನಿಗೆ ಅಂತ ಕರಿಮಣಿ ಸರಕ್ಕೆ ನೂರಾ ಎಂಟು ಮಣಿ ಮಾಡಿದಾಗ ಇದು ನನಗೆ ಅರಿವಾಯಿತು. ಒಂದೊಂದಾಗಿ ನೋಡಿದರೆ ಎಲ್ಲವೂ ಚಂದ. ಪೋಣಿಸಿ ಎತ್ತಿ ಹಿಡಿದರೆ ಸರದ ನಡುವೆ ಏಳೆಂಟು ಮಣಿ ಸತ್ತಂತೆ ಕಂಡವು. ಭೂತಗನ್ನಡಿಯಲ್ಲಿ ನೋಡಿದೆ. ಅವುಗಳ ತೂತಿನ ಅಂಚಿನಲ್ಲಿ ಲೇಪದ ಪುಡಿ ಸಿಡಿದು ಕರಗಿದ ಗಾಜಿಗೆ ಅಂಟಿಕೊಂಡಿತ್ತು. ಕಡ್ಡಿಯ ಲೇಪ ಪೂರ್ತಿ ಒಣಗುವ ಮೊದಲೇ ಉರಿಗೆ ಹಿಡಿದಿದ್ದೆ. ಅಂದಿನಿಂದ ಹಿಂದಿನ ದಿನವೇ ಕಡ್ಡಿಗೆ ಲೇಪ ಹಚ್ಚಿ ಬಿಸಿಲಿಗಿಡುತ್ತೇನೆ. ಕರಿಮಣಿಯನ್ನು ಬಿಡಿಯಾಗಿ ಅಲ್ಲ, ದಾರದಲ್ಲಿ ಪೋಣಿಸಿ ನೋಡಿಯೇ ಆರಿಸಿ.

ಬಣ್ಣದ ಮಣಿ ಮೇಲೆ ತಿಳಿ ಗಾಜು ಸುತ್ತಿದರೆ ಹೊಳಪು ಜಾಸ್ತಿ ಆಗುತ್ತಾ?

ಆಳ ಜಾಸ್ತಿ ಆಗುತ್ತದೆ. ನೀರಿನೊಳಗಿನ ಬೆಣಚುಕಲ್ಲು ಹೇಗೆ ಕಾಣುತ್ತದೋ ಹಾಗೆ. ಹೂವು, ಬೆಳ್ಳಿ ಹಾಳೆ ಇಟ್ಟ ಮಣಿಗೆ ಇದು ಬಹಳ ಚಂದ. ಆದರೆ ತಿಳಿ ಗಾಜು ಎಲ್ಲಕ್ಕಿಂತ ನಾಜೂಕು. ಒಂದು ಧೂಳಿನ ಕಣ, ಒಂದು ಗುಳ್ಳೆ ಕೂಡ ಅಡಗುವುದಿಲ್ಲ. ತಿಳಿ ಕೋಲನ್ನು ಹಗುರ ಉರಿಯಲ್ಲಿ ನಿಧಾನವಾಗಿ ಕರಗಿಸಿ, ದಪ್ಪ ಪಟ್ಟಿಯಾಗಿ ಒತ್ತೊತ್ತಾಗಿ ಹಾಸಿ. ಪಟ್ಟಿಗಳ ನಡುವೆ ಗಾಳಿ ಸಿಕ್ಕಿಕೊಂಡರೆ ಆಮೇಲೆ ತೆಗೆಯಲು ದಾರಿ ಇಲ್ಲ.

## ಭಟ್ಟಿ

ಭಟ್ಟಿಯಲ್ಲಿ ಇಟ್ಟರೆ ಹೊಳಪು ಜಾಸ್ತಿ ಬರುತ್ತಂತೆ, ನಿಜಾನಾ?

ನಿಜವಲ್ಲ. ಭಟ್ಟಿ ಇರುವುದು ಮಣಿ ಬಾಳಲಿ ಅಂತ. ಆರುವಾಗ ಮಣಿಯ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗೆ ತಡವಾಗಿ. ಆ ಎಳೆದಾಟ ಒಳಗೇ ಉಳಿದುಬಿಟ್ಟರೆ ಒಂದು ದಿನ ಮಣಿ ತಾನಾಗಿ ಒಡೆಯುತ್ತದೆ. ಅದನ್ನು ಸಡಿಲಿಸುವುದೇ ಅನೀಲಿಂಗ್. 104ರ ಗಾಜಿಗೆ ನಾನು 515ರಿಂದ 520 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ತಾಸು ಹಿಡಿದು, 370ರ ತನಕ ತಾಸಿಗೆ 50–60 ಡಿಗ್ರಿಯಂತೆ ಇಳಿಸಿ, ಆಮೇಲೆ ಆಫ್ ಮಾಡಿ ಮುಚ್ಚಳ ತೆಗೆಯದೆ ಬಿಡುತ್ತೇನೆ. ಬೋರೋಸಿಲಿಕೇಟ್‌ಗೆ 565ರ ಸುತ್ತ ಬೇಕು.

ಭಟ್ಟಿ ಇಲ್ಲದವರು ಬಿಸಿ ವರ್ಮಿಕ್ಯುಲೈಟ್‌ನಲ್ಲಿ (ಶಾಖ ಹಿಡಿದಿಡುವ ಹಗುರ ಖನಿಜದ ಕಾಳು) ಹೂತು ಆರಿಸುತ್ತಾರೆ. ಬಿರುಕು ಕಡಿಮೆಯಾಗುತ್ತದೆ, ಆದರೆ ಅದು ಅನೀಲಿಂಗ್ ಅಲ್ಲ. ಮಾರುವ ಮಣಿಗೆ ಭಟ್ಟಿ ಬೇಕೇ ಬೇಕು. ಗೆಳತಿಯರು ಮೂವರು ಸೇರಿ ಒಂದು ಭಟ್ಟಿ ತೆಗೆದುಕೊಳ್ಳಿ, ನಾವು ಮೊದಲು ಮಾಡಿದ್ದು ಹಾಗೆಯೇ.

ರಾತ್ರಿ ಭಟ್ಟಿಗೆ ಇಟ್ಟಾಗ ಮಿರಿ ಮಿರಿ ಅಂತಿತ್ತು. ಮುಂಜಾನೆ ತಗದ್ರ ಒಂದು ಮಗ್ಗಲಕ ಬಟ್ಟಿ ಅಚ್ಚು ಬಿದ್ದಂಗ ಆಗೈತಿ.

ಮಣಿ ಇನ್ನೂ ಮೆತ್ತಗಿದ್ದಾಗಲೇ ಇಟ್ಟಿದ್ದೀರಿ. ಒಳಗಿನ ಹಾಸಿನ ನೇಯ್ಗೆ ಮಣಿಯ ಮೈಗೆ ಒತ್ತಿಕೊಂಡಿದೆ. ಉರಿಯಿಂದ ತೆಗೆದು ಕೆಂಪು ಪೂರ್ತಿ ಮಾಯವಾಗುವ ತನಕ ಗಾಳಿಯಲ್ಲಿ ತಿರುಗಿಸಿ. ಶೆಡ್ಡಿನ ದೀಪ ಆರಿಸಿ ನೋಡಿದರೆ ಇನ್ನೂ ಕೆಂಪಿದೆಯೋ ತಿಳಿಯುತ್ತದೆ. ಹಾಗಂತ ತೀರಾ ಆರಿಸಿದರೆ ಭಟ್ಟಿಗೆ ಹೋಗುವ ಮೊದಲೇ ಟಕ್ ಅನ್ನುತ್ತದೆ.

ಇನ್ನೊಂದು ಕಾರಣ ಭಟ್ಟಿಯ ಮೀಟರ್ ಸುಳ್ಳು ಹೇಳುವುದು. ಮೀಟರ್ 520 ತೋರಿಸಿದರೂ ತಂತಿಯ ಹತ್ತಿರ 20–30 ಡಿಗ್ರಿ ಜಾಸ್ತಿ ಇರಬಹುದು. ಎಲ್ಲಾ ಮಣಿಗೂ ಒಂದೇ ಕಡೆ ಅಚ್ಚು ಬಿದ್ದಿದ್ದರೆ ಮೀಟರನ್ನೇ ಅನುಮಾನಿಸಿ. ಕಡ್ಡಿಗಳನ್ನು ಎರಡು ಇಟ್ಟಿಗೆ ಚೂರಿನ ಮೇಲೆ ಅಡ್ಡ ಇಟ್ಟರೆ ಮಣಿ ಏನನ್ನೂ ಸೋಕುವುದಿಲ್ಲ.

ನಡುವ ಕರೆಂಟ್ ಹೋದ್ರ?

ಮುಚ್ಚಳ ತೆಗೆಯಬೇಡಿ. ಒಳ್ಳೆಯ ಇಟ್ಟಿಗೆಯ ಭಟ್ಟಿ ತಾನೇ ನಿಧಾನವಾಗಿ ಆರುತ್ತದೆ. ಕರೆಂಟ್ ಬಂದ ಮೇಲೆ ಮಣಿಗಳನ್ನು ಹೊರಗೆ ತೆಗೆಯದೆ ಮತ್ತೆ ಮೊದಲಿನಿಂದ ನಿಧಾನಕ್ಕೆ ಏರಿಸಿ, ಪೂರ್ತಿ ಅನೀಲಿಂಗ್ ಮಾಡಿ. ಇದರಿಂದ ಹೊಳಪಿಗೆ ತೊಂದರೆ ಇಲ್ಲ.

## ತಿಕ್ಕಿ ಹೊಳಪು ತರುವುದು

ಇಳಕಲ್ ಗ್ರಾನೈಟ್ ಪಾಲಿಶ್ ಮಾಡ್ತಾರಲ್ರಿ, ಹಂಗ ಮಣಿನೂ ತಿಕ್ಕಿ ಹೊಳಪು ತರಬಹುದೇನು?

ತರಬಹುದು, ದಾರಿಯೂ ಅದೇ. ಗ್ರಾನೈಟ್ ಕೆಲಸದವರು ಒರಟು ಕಲ್ಲಿನಿಂದ ಶುರು ಮಾಡಿ ಹಂತ ಹಂತವಾಗಿ ನುಣುಪಿಗೆ ಬರುತ್ತಾರೆ, ಪ್ರತಿ ಹಂತ ಹಿಂದಿನ ಹಂತದ ಗೀರನ್ನು ಅಳಿಸುತ್ತದೆ. ಮಣಿಗೆ ಸಿಲಿಕಾನ್ ಕಾರ್ಬೈಡ್ 220, 400, 600, ಆಮೇಲೆ ಇನ್ನೂ ನುಣುಪಾದದ್ದು, ಕೊನೆಗೆ ಸೀರಿಯಂ ಆಕ್ಸೈಡ್. ಒಂದು ಹಂತ ಹಾರಿಸಿದರೂ ಹಳೆಯ ಗೀರು ಕೊನೆಯ ತನಕ ಉಳಿಯುತ್ತದೆ. ಹಂತ ಬದಲಿಸುವಾಗ ಮಣಿ, ಕೈ, ಬೋಗುಣಿ ಎಲ್ಲವನ್ನೂ ತೊಳೆಯಿರಿ. 220ರ ಒಂದು ಕಾಳು 600ರಲ್ಲಿ ಸೇರಿದರೆ ದಿನದ ಕೆಲಸ ವ್ಯರ್ಥ.

ಯಾವಾಗಲೂ ನೀರು ಹಾಕಿಯೇ ತಿಕ್ಕಿ. ಗಾಜಿನ ಒಣ ಧೂಳು ಎದೆಗೆ ಹೋದರೆ ಪುಪ್ಪುಸ ಹಾಳಾಗುತ್ತದೆ. ತೂತಿನ ಲೇಪ ಕೆರೆಯುವಾಗಲೂ ಮಣಿಯನ್ನು ನೀರಿನೊಳಗೇ ಹಿಡಿಯಿರಿ.

ಸೀರಿಯಂ ಆಕ್ಸೈಡ್ ಬದಲು ಹಲ್ಲಿನ ಪೇಸ್ಟ್ ನಡೆಯುತ್ತಾ?

ನಡೆಯುವುದಿಲ್ಲ. ಸೀರಿಯಂ ಬರೀ ತಿಕ್ಕುವ ಪುಡಿಯಲ್ಲ. ನೀರಿನ ಜೊತೆ ಸೇರಿ ಗಾಜಿನ ಮೇಲ್ಮೈಯೊಂದಿಗೆ ರಾಸಾಯನಿಕವಾಗಿಯೂ ಕೆಲಸ ಮಾಡುತ್ತದೆ. ಕನ್ನಡಕ, ಕ್ಯಾಮೆರಾ ಲೆನ್ಸ್ ಹೊಳಪಿಸುವುದಕ್ಕೂ ಅದನ್ನೇ ಬಳಸುವುದು. ತೆಳು ಮಜ್ಜಿಗೆ ಹದಕ್ಕೆ ಕಲಸಿ, ಉಣ್ಣೆಯ ಫೆಲ್ಟ್ ಚಕ್ರಕ್ಕೆ ಸವರಿ, ಮಣಿಯನ್ನು ಹಗುರವಾಗಿ ಒತ್ತಿ. ಚಕ್ರ ಒಣಗಲು ಬಿಡಬೇಡಿ. ಒಣಗಿದರೆ ಒಂದೇ ಜಾಗ ಕಾದು ಮಣಿ ಸೀಳುತ್ತದೆ.

ಒಮ್ಮೆಲೇ ನೂರು ಮಣಿ ಪಾಲಿಶ್ ಮಾಡಬೇಕು. ಟಂಬ್ಲರ್ ತಗೊಳ್ಲಾ?

ತಗೊಳ್ಳಿ, ದುಂಡು ಮಣಿಗೆ ಒಳ್ಳೆಯದು. ಟಂಬ್ಲರ್ ಅಂದರೆ ಮಣಿ, ನೀರು, ತಿಕ್ಕುವ ಪುಡಿ ಹಾಕಿ ತಿರುಗಲು ಬಿಡುವ ಡಬ್ಬಿ. ಡಬ್ಬಿಯ ಮೂರರಲ್ಲಿ ಎರಡು ಪಾಲು ತುಂಬಿಸಿ. ಕಡಿಮೆ ಹಾಕಿದರೆ ಮಣಿ ಮಣಿಗೆ ಬಡಿದು ಚಕ್ಕೆ ಏಳುತ್ತದೆ. ನಡುವೆ ಪ್ಲಾಸ್ಟಿಕ್ ಗುಂಡು ಸೇರಿಸಿ. ಒಂದೊಂದು ಹಂತಕ್ಕೂ ಒಂದೆರಡು ದಿನವಾದರೂ ಬೇಕು. ಉಬ್ಬು ಚುಕ್ಕೆ, ಹೂವಿನ ಎಸಳು ಇರುವ ಮಣಿಯನ್ನು ಮಾತ್ರ ಹಾಕಬೇಡಿ. ಉಬ್ಬು ಸವೆಯುತ್ತದೆ, ಸಂದಿ ಮಂಕಾಗಿಯೇ ಉಳಿಯುತ್ತದೆ.

ಟಂಬ್ಲರ್, ಸೀರಿಯಂ ಇಲ್ಲದ ಕಾಲದಾಗ ಮಣಿ ಹೆಂಗ ಹೊಳಿತಿದ್ವು?

ಉರಿಯಿಂದಲೇ. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಗಾಜಿನ ಮಣಿ ಮಾಡುತ್ತಿದ್ದರು. ಗಾಜನ್ನು ಉದ್ದ ಕೊಳವೆಯಾಗಿ ಎಳೆದು ಸಣ್ಣ ಚೂರು ಮಾಡುವ ರೀತಿ ಅದು. ಕತ್ತರಿಸಿದ ಚೂರಿನ ಅಂಚು ಚೂಪಾಗಿ, ತರಿಯಾಗಿ ಇರುತ್ತದೆ. ಆಂಧ್ರದ ಪಾಪನಾಯುಡುಪೇಟೆಯಲ್ಲಿ ಈ ರೀತಿ ನಮ್ಮ ಕಾಲದ ತನಕ ಉಳಿದು ಬಂದಿದೆ. ಅಲ್ಲಿ ಚೂರುಗಳನ್ನು ಬೂದಿಯ ಜೊತೆ ಬೆರೆಸಿ ಮತ್ತೆ ಕಾಯಿಸುತ್ತಾ ಕೈಯಾಡಿಸುತ್ತಾರೆ. ಬೂದಿ ತೂತಿನಲ್ಲಿ ತುಂಬಿಕೊಂಡು ತೂತು ಮುಚ್ಚದಂತೆ ಕಾಯುತ್ತದೆ, ಮಣಿ ಮಣಿಗೆ ಅಂಟದಂತೆಯೂ ನೋಡಿಕೊಳ್ಳುತ್ತದೆ. ಅಷ್ಟರಲ್ಲಿ ಅಂಚು ಕರಗಿ ದುಂಡಗಾಗಿ ಹೊಳೆಯುತ್ತದೆ. ಒಂದೊಂದೇ ಮಣಿಗೆ ನಾನು ಮಾಡುವ ಫೈರ್ ಪಾಲಿಶ್ ಅನ್ನು ಅವರು ಒಂದೇ ಬಾಣಲೆಯಲ್ಲಿ ರಾಶಿ ರಾಶಿ ಮಣಿಗೆ ಮಾಡುತ್ತಾರೆ. ಮೊದಲ ಸಲ ಇದನ್ನು ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಆಸಿಡ್ ಹಾಕಿ ಹೊಳಪು ತರ್ತಾರಂತ. ಯಾವ ಆಸಿಡ್ರಿ?

ಹೈಡ್ರೋಫ್ಲೋರಿಕ್. ದೊಡ್ಡ ಗಾಜಿನ ಕಾರ್ಖಾನೆಗಳಲ್ಲಿ ಬಳಸುತ್ತಾರೆ. ಮನೆಯಲ್ಲಿ ಮುಟ್ಟಲೇಬೇಡಿ. ಅದು ಚರ್ಮದ ಮೂಲಕ ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಮೊದಲಿಗೆ ಉರಿಯೂ ಗೊತ್ತಾಗದೆ ಇರಬಹುದು, ಜೀವಕ್ಕೇ ಅಪಾಯ. ಗಾಜು ಮಂಕು ಮಾಡುವ ಕ್ರೀಮುಗಳಲ್ಲೂ ಇದರ ಜಾತಿಯ ಲವಣ ಇರುತ್ತದೆ, ಮಕ್ಕಳಿರುವ ಮನೆಗೆ ಅವೂ ಬೇಡ.

## ತೊಳೆಯುವುದು, ಇಡುವುದು

ತೊಳೆದು ಒಣಗಿಸಿದ ಮೇಲೆ ಬಿಳಿ ಕಲೆ ಬೀಳುತ್ತವೆ. ವಿಜಯಪುರದಲ್ಲಿ ಬೋರ್ ನೀರೇ ಗತಿ.

ನಿಮ್ಮ ಮಣಿ ಸರಿ ಇದೆ, ನೀರು ಸವಳು. ನೀರು ಆರಿದ ಮೇಲೆ ಅದರ ಸುಣ್ಣದ ಅಂಶ ಮೈಮೇಲೆ ಉಳಿಯುತ್ತದೆ. ಲಿಂಬೆಹಣ್ಣಿನ ರಸ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಕರಗುತ್ತದೆ. ಕೊನೆಯ ತೊಳೆತವನ್ನು ಕುಡಿಯುವ ಫಿಲ್ಟರ್ ನೀರಿನಲ್ಲಿ ಮಾಡಿ, ತಾನಾಗಿ ಆರಲು ಬಿಡದೆ ಹಳೆಯ ಮೆತ್ತನೆ ಪಂಚೆಯಲ್ಲಿ ಒರೆಸಿ.

ಫೋಟೋದಲ್ಲಿ ಹೊಳಪು ಕಾಣಲ್ಲ, ಬರೀ ಬಿಳಿ ಚುಕ್ಕೆ ಬರುತ್ತೆ.

ಫ್ಲ್ಯಾಶ್ ಬಂದ್ ಮಾಡಿ. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ ಅದರ ಪಕ್ಕದಲ್ಲಿ ತೆಗೆಯಿರಿ. ಕಿಟಕಿಯ ಚೌಕ ಮಣಿಯ ಮೈಮೇಲೆ ಚೊಕ್ಕವಾಗಿ ಮೂಡಿದರೆ ನೋಡುವವರಿಗೆ ಹೊಳಪು ಕಾಣುತ್ತದೆ.

ನಮ್ಮ ಅಮ್ಮನ ಕಾಲದ ಗಾಜಿನ ಮಣಿ ಸರ ಐತಿ, ಗುಳೇದಗುಡ್ಡದ ಮನಿ ಪೆಟಗ್ಯಾಗ ಇತ್ತು. ಪೂರ್ತಿ ಮಂಕಾಗೈತಿ. ಮತ್ತ ಉರಿಗೆ ಹಿಡಿದು ಹೊಳಪು ತರಲೇನು?

ಹಿಡಿಯಬೇಡಿ. ಹಳೆಯ ಗಾಜಿನಲ್ಲಿ ಸೋಡಾ ಅಂಶ ಜಾಸ್ತಿ ಇದ್ದರೆ ಪೆಟ್ಟಿಗೆಯ ಪಸೆಗೆ ಅದು ಮೆಲ್ಲಗೆ ಮೇಲ್ಮೈಗೆ ಬಂದು ಮೈ ಕೊರೆಯುತ್ತದೆ. ಈಗಿರುವ ಮಂಕು ಗಾಜಿನದೇ ಭಾಗ. ಉರಿಗೆ ಹಿಡಿದರೆ ಬಹುಪಾಲು ಮಣಿ ಸಿಡಿದೇ ಹೋಗುತ್ತವೆ. ಟಂಬ್ಲರ್ ಕೂಡ ಬೇಡ.

ಮೊದಲು ದಾರ ಬಿಚ್ಚಿ, ಮಣಿಗಳನ್ನು ಇದ್ದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಫಿಲ್ಟರ್ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೇ ಹಗುರವಾಗಿ ಒರೆಸಿ, ಆ ಕ್ಷಣವೇ ಒಣ ಬಟ್ಟೆಯಿಂದ ನೀರು ತೆಗೆಯಿರಿ. ನೆನೆಹಾಕಬೇಡಿ. ನೆರಳಿನಲ್ಲಿ ಒಂದು ದಿನ ಒಣಗಿಸಿ. ಆಮೇಲೆ ಹೊಸ ರೇಷ್ಮೆ ದಾರದಲ್ಲಿ ಪೋಣಿಸಿ, ಮಣಿ ಮಣಿಗೆ ತಿಕ್ಕದಂತೆ ನಡುವೆ ಸಣ್ಣ ಗಂಟು ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕಪಾಟಿನಲ್ಲಿಡಿ. ಇಷ್ಟು ಮಾಡಿದರೆ ಮಂಕು ಮುಂದುವರಿಯುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಅದೇ ಬಣ್ಣದ ಹೊಳೆಯುವ ಸರ ಬೇಕಿದ್ದರೆ ಒಂದು ಮಣಿ ತಂದು ತೋರಿಸಿ, ಅದನ್ನು ನೋಡಿ ಹೊಸದು ಮಾಡಿಕೊಡುತ್ತೇನೆ.